ನಾನು ಕೆಂಗೇರಿ, ಅವರು ಯಲಹಂಕ

ಮನೆ ಕೊಳ್ಳೋ ಮಾತು ಶುರುವಾದಾಗಿನಿಂದ ನಮ್ಮಲ್ಲಿ ಎರಡು ಪಕ್ಷ. ನಾನು ಕೆಂಗೇರಿ, ನಮ್ಮ ಯಜಮಾನರು ಯಲಹಂಕ. ನೀರು, ಗಾಳಿ, ಮೆಟ್ರೋ ಅಂತ ಇಬ್ಬರೂ ಏನೇನೋ ನೆಪ ಹೇಳುತ್ತೇವೆ. ಅಸಲು ವಿಷಯ ಬೇರೆ. ನನ್ನ ತವರು ಮದ್ದೂರು, ಅದು ಕೆಂಗೇರಿ ದಾರಿ. ಅವರ ಊರು ಗೌರಿಬಿದನೂರಿನ ಹತ್ತಿರ, ಅದು ಯಲಹಂಕದ ದಾರಿ.

ಬೆಂಗಳೂರಿನ ಅಂಚುಗಳು ತುಂಬಿಕೊಂಡಿರೋದೇ ಹೀಗೆ ಅಂತ ನನ್ನ ಅನುಮಾನ. ನಮ್ಮ ಆಫೀಸಿನ ಕೋಲಾರದವರೆಲ್ಲ ಕೆ.ಆರ್. ಪುರದ ಸುತ್ತಮುತ್ತ. ತುಮಕೂರಿನವರು ದಾಸರಹಳ್ಳಿ, ನೆಲಮಂಗಲ. ಮಂಡ್ಯದವರು ಕೆಂಗೇರಿ. ಹಬ್ಬದ ಹಿಂದಿನ ಸಂಜೆ ಊರಿಗೆ ಹೊರಡುವವರು ಇಡೀ ಬೆಂಗಳೂರು ದಾಟೋ ಕರ್ಮ ಯಾಕೆ ಪಡಬೇಕು ಅಲ್ವಾ?

ನನ್ನ ಕೆಲಸ ವಿಧಾನಸೌಧದ ಹತ್ತಿರ. ಕೆಂಗೇರಿಗೆ 2021ರ ಆಗಸ್ಟ್‌ನಲ್ಲಿ ಮೆಟ್ರೋ ಬಂತು. 2023ರ ಅಕ್ಟೋಬರ್‌ನಲ್ಲಿ ಅದು ಚಲ್ಲಘಟ್ಟದವರೆಗೆ ಹೋಯಿತು. ಅದೇ ದಿನ ಬೈಯಪ್ಪನಹಳ್ಳಿ–ಕೆ.ಆರ್. ಪುರದ ನಡುವೆ ಬಿಟ್ಟುಹೋಗಿದ್ದ ತುಂಡೂ ಕೂಡಿತು, ಒಂದೇ ರೈಲಿನಲ್ಲಿ ವೈಟ್‌ಫೀಲ್ಡ್‌ಗೂ ಹೋಗಬಹುದು. ಮದ್ದೂರಿಗೆ ಹೋಗಬೇಕಂದರೆ ಮೆಜೆಸ್ಟಿಕ್ಕಿಗೆ ಹೋಗಿ ಗುದ್ದಾಡಬೇಕಿಲ್ಲ, ಕೆಂಗೇರಿ ರೈಲ್ವೆ ಸ್ಟೇಷನ್ನಿನಲ್ಲೇ ರೈಲು ಹತ್ತಬಹುದು. ಸೀಟು ಸಿಗುತ್ತೆ ಅಂತ ಮಾತ್ರ ಹೇಳಲಾರೆ. ನನ್ನ ತಮ್ಮ ಬೈಕಿನಲ್ಲಿ ಬರ್ತಾನೆ. 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ ಬಿಡೋದಿಲ್ಲ, ಸರ್ವಿಸ್ ರಸ್ತೆಯೇ ಗತಿ. ಅವನಿಗೇನೂ ಬೇಜಾರಿಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೇ ಬರ್ತಾನೆ.

ಕೆಂಗೇರಿಯ ದೋಷ ಮುಚ್ಚಿಡೋಕೆ ಆಗಲ್ಲ, ಅದು ಮೂಗಿಗೇ ಬಡಿಯುತ್ತೆ. ವೃಷಭಾವತಿ. ಹೆಸರಿಗೆ ನದಿ, ಹರಿಯೋದು ಊರಿನ ಕೊಳಚೆ. ಚಿಕ್ಕಂದಿನಲ್ಲಿ ರೈಲಿನಲ್ಲಿ ಬರುವಾಗ ಆ ವಾಸನೆ ಬಂದ ಕೂಡಲೇ ನಮ್ಮಜ್ಜಿ "ಬೆಂಗ್ಳೂರು ಬಂತು, ಎದ್ದೇಳ್ರೇ" ಅಂತ ಚೀಲ ಎತ್ತಿಕೊಳ್ಳುತ್ತಿದ್ದರು. ಯಜಮಾನರಿಗೆ ಈ ಕಥೆ ಹೇಳಿದ್ದೇ ತಪ್ಪಾಯಿತು, ಜಗಳ ಬಂದಾಗಲೆಲ್ಲ ಅದನ್ನೇ ಎತ್ತುತ್ತಾರೆ.

ಯಲಹಂಕ ಚೆನ್ನಾಗಿಯೇ ಇದೆ, ಸುಳ್ಳು ಯಾಕೆ ಹೇಳಲಿ. ಕೆಂಪೇಗೌಡರ ಮನೆತನದ ಊರು. ಹಳೇ ಪೇಟೆ ಒಂದು ಕಡೆ, ಹೌಸಿಂಗ್ ಬೋರ್ಡಿನ ಉಪನಗರ ಇನ್ನೊಂದು ಕಡೆ. ಕೆರೆ ಇದೆ, ಪುಟ್ಟೇನಹಳ್ಳಿ ಕೆರೆಯಲ್ಲಿ ಹಕ್ಕಿಗಳಿವೆ. 2007ರಲ್ಲಿ ಬಿಬಿಎಂಪಿಗೆ ಸೇರುವವರೆಗೆ ಯಲಹಂಕಕ್ಕೆ ತನ್ನದೇ ನಗರಸಭೆ ಇತ್ತು, ಕೆಂಗೇರಿಗೆ ಪುರಸಭೆ. ಆ ಠೀವಿ ಇನ್ನೂ ಹೋಗಿಲ್ಲ. ಅಲ್ಲಿರುವ ನಮ್ಮ ನಾದಿನಿ ಇವತ್ತಿಗೂ "ಬೆಂಗಳೂರಿಗೆ ಹೋಗಿ ಬರ್ತೀನಿ" ಅಂತಲೇ ಚಿಕ್ಕಪೇಟೆಗೆ ಹೊರಡೋದು. ಆದರೆ ಬೆಳಿಗ್ಗೆ ಆಫೀಸಿಗೆ ಹೋಗಬೇಕಂದರೆ ಹೆಬ್ಬಾಳದ ಟ್ರಾಫಿಕ್ ದಾಟಬೇಕು. ಏರ್‌ಪೋರ್ಟ್ ಮೆಟ್ರೋ ಓಡೋ ತನಕ ನಾನು ಆ ಮಾತೇ ಕೇಳೋಲ್ಲ.

ಇನ್ನೊಂದು ತಮಾಷೆ. ಎರಡು ವರ್ಷಕ್ಕೊಮ್ಮೆ ಅಲ್ಲಿ ಏರ್ ಶೋ. ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದು ಅಂತ 2025ರಲ್ಲಿ ಸುತ್ತ 13 ಕಿಲೋಮೀಟರ್ ಮಾಂಸ ಮಾರೋ ಹಾಗಿರಲಿಲ್ಲ. ಅದೂ ಮೂರು ವಾರಕ್ಕೂ ಜಾಸ್ತಿ! ಭಾನುವಾರ ಕೋಳಿ ಸಾರಿಲ್ಲದೆ ಊಟಕ್ಕೆ ಕೂರದ ಮನುಷ್ಯ ಇದನ್ನು ಹೇಗೆ ಒಪ್ಪಿಕೊಂಡರೋ ನನಗೆ ಗೊತ್ತಾಗಲ್ಲ.

ವೈಟ್‌ಫೀಲ್ಡ್ ಬಗ್ಗೆ ಒಂದೇ ಮಾತು. ಗೆಳತಿಯ ಅಪಾರ್ಟ್‌ಮೆಂಟಿನಲ್ಲಿ ಈಜುಕೊಳ ಇದೆ, 2024ರ ಬೇಸಿಗೆಯಲ್ಲಿ ಪಾತ್ರೆ ತೊಳೆಯೋಕೆ ಟ್ಯಾಂಕರ್ ಕಾಯುತ್ತಿದ್ದಳು.

ಆಮೇಲಿಂದ ಎಲ್ಲಿ ಮನೆ ನೋಡಿದರೂ ನನ್ನ ಮೊದಲ ಪ್ರಶ್ನೆ, "ಕಾವೇರಿ ಬರುತ್ತಾ? ಯಾವ ಯಾವ ದಿನ?" ಬ್ರೋಕರ್ ಉತ್ತರಕ್ಕಿಂತ ಪಕ್ಕದ ಮನೆಯವರ ಉತ್ತರ ಮೇಲು. ಬಡಾವಣೆಯ ಹೆಸರು ನಂಬೋ ಹಾಗಿಲ್ಲ, ಬೀದಿ ಬೀದಿಗೂ ಲೆಕ್ಕ ಬೇರೆ. ಆ ನೀರು ನಮ್ಮ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ ಪಂಪ್ ಮಾಡಿ ತರೋದು. ಹಾಗಾಗಿ ಮೊದಲ ಹಕ್ಕು ಕೆಂಗೇರಿಯದು ಅಂತ ನಾನು ವಾದಿಸಿ ನೋಡಿದೆ, ನಡೆಯಲಿಲ್ಲ.

ಕೊನೆಗೆ ಅತ್ತೆಯವರನ್ನು ಕೇಳಿದೆವು. ಅವರು ಯಾರ ಪಕ್ಷಕ್ಕೂ ಬರಲಿಲ್ಲ. "ಎಲ್ಲಾದ್ರೂ ತಗೊಳ್ಳಿ, ನನ್ಗೆ ಮೆಟ್ಟಿಲು ಹತ್ತಕ್ಕಾಗಲ್ಲ." ಈಗ ಎರಡೂ ಕಡೆ ನೆಲಮಹಡಿ ಮನೆ ಹುಡುಕುತ್ತಿದ್ದೇವೆ. ಕೆಂಗೇರಿಯಲ್ಲೂ ಯಲಹಂಕದಲ್ಲೂ ನಾವು ನೋಡಿದ ಕಡೆಯೆಲ್ಲ ನೆಲಮಹಡಿಯಲ್ಲಿ ಕಾರು ನಿಂತಿದೆ.