ಉಂಡದ್ದನ್ನು ಬರೆದಿಡುವುದಕ್ಕೂ ಅರಿವಿಗೂ ಏನು ಸಂಬಂಧ?

"ಸರ್, ನೀವು ಅರಿವು, ಧ್ಯಾನ ಅಂತ ಮಾತಾಡೋರು. ಮತ್ತ ಎಷ್ಟು ರೊಟ್ಟಿ ತಿಂದೆ, ಎಷ್ಟು ಸಲ ಚಹಾ ಕುಡದೆ ಅಂತ ದಿನಾ ವಹಿ ಯಾಕ ಬರೀತೀರಿ? ಆ ವಿಚಾರಕ್ಕೂ ಈ ಲೆಕ್ಕಕ್ಕೂ ಏನ್ರೀ ಸಂಬಂಧ?"

ವಿಜಯಪುರದಲ್ಲಿ ನನ್ನನ್ನು ಬಲ್ಲವರು ಒಂದಿಲ್ಲೊಂದು ಸಲ ಇದನ್ನು ಕೇಳಿಯೇ ಕೇಳುತ್ತಾರೆ. ಕೇಳುವುದರಲ್ಲಿ ಆಶ್ಚರ್ಯವೂ ಇಲ್ಲ. ಒಂದು ಕಡೆ ಸಿದ್ಧೇಶ್ವರ ಸ್ವಾಮೀಜಿಯವರ ಜ್ಞಾನಯೋಗಾಶ್ರಮ, ಇನ್ನೊಂದು ಕಡೆ ಇಂಚಗೇರಿ ಮಠ, ಗುರುದೇವ ರಾನಡೆಯವರ ನಿಂಬಾಳ. ಚಹಾದಂಗಡಿಯ ಕಟ್ಟೆಯ ಮೇಲೂ ಆತ್ಮ, ಮನಸ್ಸು, ಸಾಕ್ಷಿ ಎಂಬ ಮಾತು ಬರುವ ಸೀಮೆ ಇದು. ಅಂಥಲ್ಲಿ ಊಟದ ಪಟ್ಟಿ ಹಿಡಿದು ಕೂತವನು ದಾರಿ ತಪ್ಪಿದಂತೆ ಕಾಣಬಹುದು.

ಮೊದಲ ಕಾರಣ ಸರಳ. ನನಗೆ ಶುಗರ್ ಇದೆ. ಡಾಕ್ಟರು ಬರೆದಿಡಿ ಎಂದರು, ಬರೆಯತೊಡಗಿದೆ. ಅದರಿಂದ ಉಪಯೋಗವಿದೆ ಎಂಬುದಕ್ಕೆ ಆಧಾರವೂ ಇದೆ: ಅಮೆರಿಕದಲ್ಲಿ ಸುಮಾರು 1,700 ಮಂದಿಯ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಿಂದದ್ದನ್ನು ದಿನಾಲೂ ಬರೆದವರು ಬರೆಯದವರಿಗಿಂತ ಎರಡು ಪಟ್ಟು ತೂಕ ಇಳಿಸಿದ್ದರು. ಇಷ್ಟೇ ಆಗಿದ್ದರೆ ನನ್ನ ಉತ್ತರ ಇಲ್ಲಿಗೇ ಮುಗಿಯುತ್ತಿತ್ತು.

ನಾನು ಎರಡು ಸಲ ಬರೆಯುತ್ತೇನೆ. ತಿಂದ ಕೂಡಲೇ ಫೋನಿನಲ್ಲಿ ಒಂದು ಸಾಲು: ವೇಳೆ, ಪದಾರ್ಥ, ಎಷ್ಟು. ರಾತ್ರಿ ಮಲಗುವ ಮುನ್ನ, ಫೋನ್ ನೋಡದೆ, ಬರೀ ನೆನಪಿನಿಂದ ವಹಿಯಲ್ಲಿ ಇಡೀ ದಿನದ್ದು. ಆಮೇಲೆ ಎರಡನ್ನೂ ಹೋಲಿಸಿ ನೋಡುತ್ತೇನೆ. ಕ್ಯಾಲರಿ ಲೆಕ್ಕದ ಆ್ಯಪ್‌ಗಳು ನನಗೆ ಹಿಡಿಸಲಿಲ್ಲ. ಕೈಯಲ್ಲಿ ಬಡಿದ ಬಿಸಿರೊಟ್ಟಿಗೂ ಖಡಕ್ ರೊಟ್ಟಿಗೂ, ಪುಂಡಿ ಪಲ್ಯಕ್ಕೂ ಜುಣಕಕ್ಕೂ ಅವುಗಳಲ್ಲಿ ಸರಿಯಾದ ಜಾಗವೇ ಸಿಗುವುದಿಲ್ಲ.

ಆ ಹೋಲಿಕೆಯಲ್ಲೇ ಎಲ್ಲ ಇದೆ. ಹೊಸ ಜೋಳದ ಮೊದಲ ರೊಟ್ಟಿ ವಹಿಯಿಂದ ಎಂದೂ ತಪ್ಪಿಸಿಕೊಳ್ಳುವುದಿಲ್ಲ. ಹೋಳಿಗೆ ತಪ್ಪುವುದಿಲ್ಲ, ಎಣ್ಣೆಗಾಯಿ ತಪ್ಪುವುದಿಲ್ಲ. ತಪ್ಪುವುದು ನಿಂತುಕೊಂಡು ತಿಂದದ್ದು. ಡಬ್ಬಿಯಿಂದ ತೆಗೆದ ಹಿಡಿ ಶೇಂಗಾ, ಯಾರದೋ ಮನೆಯಲ್ಲಿ ಮಾತಿನ ನಡುವೆ ಕುಡಿದ ಚಹಾ, ಗೆಳೆಯರ ಕಾಗದದಿಂದ ತೆಗೆದುಕೊಂಡ ಚುರುಮುರಿ, ತಾಟು ಎತ್ತುವ ಮುಂಚೆ ಹಾಕಿಸಿಕೊಂಡ ಕೊನೆಯ ಸೌಟು ಅನ್ನ. ಫೋನಿನಲ್ಲಿ ಇವು ಇರುತ್ತವೆ, ರಾತ್ರಿಯ ನೆನಪಿನಲ್ಲಿ ಇರುವುದಿಲ್ಲ. ಕೆಲವು ಸಲ ಫೋನಿನಲ್ಲೂ ಇರುವುದಿಲ್ಲ. ಅಂಗಿಯ ಕಿಸೆಯಲ್ಲಿ ಶೇಂಗಾದ ಸಿಪ್ಪೆ ಸಿಕ್ಕಾಗಲೇ ತಿಂದದ್ದು ಖಾತ್ರಿಯಾಗುವುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಮೈಮರೆತಾಗ, ಮೈಮರೆತಿದ್ದೇನೆ ಎಂಬುದು ತಿಳಿಯುವುದಿಲ್ಲ. ಎಚ್ಚರವಾದ ಗಳಿಗೆ ಸ್ಪಷ್ಟವಾಗಿರುತ್ತದೆ: ಅರೆ, ಬಟ್ಟಲು ಖಾಲಿ! ಆದರೆ ಅದಕ್ಕೂ ಹಿಂದಿನ ಗೈರುಹಾಜರಿಯನ್ನು ಒಳಗೆ ಎಷ್ಟು ಹುಡುಕಿದರೂ ಸಿಗದು. ಕಣ್ಣು ಮುಚ್ಚಿ ಕೂತು ನೋಡಿದರೆ ನಾನು ಸದಾ ಹಾಜರಿದ್ದೆನೆಂದೇ ಅನಿಸುತ್ತದೆ, ಏಕೆಂದರೆ ನೋಡುವಾಗಲೆಲ್ಲ ಇದ್ದೇ ಇರುತ್ತೇನೆ. ಇಲ್ಲದಿದ್ದ ಹೊತ್ತಿಗೆ ಸಾಕ್ಷಿ ಹೊರಗಿನಿಂದಲೇ ಬರಬೇಕು. ಧ್ಯಾನ ನನಗೆ ತೋರಿಸದ್ದನ್ನು ಆ ಒಂದು ಸಾಲಿನ ಬರಹ ತೋರಿಸಿತು.

ಹಸಿವು ಹೊಟ್ಟೆಯದು, ನೆನಪು ತಲೆಯದು ಎಂದು ನಾವು ಬೇರೆ ಬೇರೆ ಮಾಡಿಬಿಡುತ್ತೇವೆ. 1998ರಲ್ಲಿ ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗ ಈ ವಿಂಗಡಣೆಯನ್ನೇ ಅಲುಗಾಡಿಸುತ್ತದೆ. ಮಿದುಳಿಗೆ ಪೆಟ್ಟಾಗಿ ಹೊಸ ನೆನಪು ನಿಲ್ಲದಂತಾಗಿದ್ದ ಇಬ್ಬರಿಗೆ ಹೊಟ್ಟೆ ತುಂಬ ಊಟ ಬಡಿಸಿ, 10ರಿಂದ 30 ನಿಮಿಷದಲ್ಲಿ ಮತ್ತೊಂದು ಊಟ ಇಟ್ಟರು. ಅದನ್ನೂ ಉಂಡರು. ಮೂರನೆಯದು ಬಂದಾಗ ಹೆಚ್ಚಿನ ಸಲ ಅದಕ್ಕೂ ಕೈ ಹಾಕಿದರು. ಹೊಟ್ಟೆ ಅದೇ, ಹೋಗಿದ್ದು 'ನನ್ನ ಊಟ ಆಯಿತು' ಎಂಬ ತಿಳಿವಳಿಕೆ ಮಾತ್ರ. ಬ್ರಿಟನ್ನಿನ ಮನೋವಿಜ್ಞಾನಿ ಸೂಸಾನ್ ಹಿಗ್ಸ್ 2002ರಲ್ಲಿ ಇದರ ಇನ್ನೊಂದು ಮಗ್ಗುಲು ತೋರಿಸಿದರು: ಅವತ್ತಿನ ಮಧ್ಯಾಹ್ನದ ಊಟವನ್ನು ನೆನಪಿಸಿಕೊಂಡವರು ಆಮೇಲೆ ಕುರುಕುಲು ಕಡಿಮೆ ತಿಂದರು. 'ಸಾಕು' ಎಂಬುದರಲ್ಲಿ ಗಮನದ ಪಾಲೂ ಇದೆ ಎಂದಾಯಿತು.

ಇಲ್ಲಿಗೆ ನಿಲ್ಲಿಸಿದರೆ ಗಮನವಿಟ್ಟು ಉಣ್ಣಿ ಎಂಬ ಬುದ್ಧಿಮಾತಾಗುತ್ತದೆ. ನನ್ನನ್ನು ಕಾಡುವುದು ಅದಕ್ಕಿಂತ ಒಳಗಿನದು. ಮಾತಾಡುತ್ತ ತಿಂದ ಆ ಶೇಂಗಾದ ರುಚಿ, ತಿನ್ನುವಾಗ ಇತ್ತೋ ಇಲ್ಲವೋ? ರುಚಿ ಆಗಿತ್ತು, ಆದರೆ ಅದು ನನ್ನ ಗಮನಕ್ಕೆ ಬರಲಿಲ್ಲ ಎನ್ನಬೇಕೇ? ಅಥವಾ ಗಮನಕ್ಕೆ ಬಾರದ ರುಚಿ ರುಚಿಯೇ ಅಲ್ಲ ಎನ್ನಬೇಕೇ? ತತ್ತ್ವಶಾಸ್ತ್ರಜ್ಞ ನೆಡ್ ಬ್ಲಾಕ್ 1995ರಲ್ಲಿ ಇವೆರಡನ್ನೂ ಬಿಡಿಸಿ ಇಟ್ಟರು: ಅನುಭವ ಆಗುವುದು ಒಂದು, ಅದು ಮಾತಿಗೆ, ವಿಚಾರಕ್ಕೆ, ಕೆಲಸಕ್ಕೆ ಸಿಗುವುದು ಇನ್ನೊಂದು. ಇದರ ಮೇಲಿನ ವಾದ ಇನ್ನೂ ನಡೆದೇ ಇದೆ.

ನನ್ನ ಒಲವು ರುಚಿ ಇತ್ತು ಎಂಬ ಕಡೆಗೆ. ಕಾರಣ ನಮ್ಮ ಅಡುಗೆಮನೆಯದೇ. ಎಷ್ಟೇ ಮೈಮರೆತು ಉಣ್ಣುತ್ತಿರಲಿ, ಬ್ಯಾಳಿಗೆ ಉಪ್ಪು ಬಿದ್ದಿಲ್ಲ ಎಂದರೆ ಕೈ ತಟ್ಟನೆ ನಿಲ್ಲುತ್ತದೆ. ಯಾವುದೂ ತಿಳಿಯುತ್ತಲೇ ಇರದಿದ್ದರೆ ಉಪ್ಪಿಲ್ಲದ್ದು ತಿಳಿದದ್ದು ಯಾರಿಗೆ?

ಆದರೆ ಈ ವಾದಕ್ಕೆ ಎದುರಾಗಿ ನನ್ನ ರಕ್ತವೇ ನಿಲ್ಲುತ್ತದೆ. ಶುಗರ್ ಇದ್ದವರಿಗೆ ಎಚ್‌ಬಿಎ1ಸಿ ತಪಾಸಣೆ ಗೊತ್ತು. ರಕ್ತದಲ್ಲಿನ ಸಕ್ಕರೆ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಹಾಗಾಗಿ ಆ ಒಂದು ಅಂಕಿಯಲ್ಲಿ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಮೂಡಿರುತ್ತದೆ. ನಾನು ಮರೆತ ಚಹಾವನ್ನು ಅದು ಮರೆತಿಲ್ಲ. ನನ್ನ ವಹಿಗಿಂತ ಪ್ರಾಮಾಣಿಕವಾದ ವಹಿ ಅದು, ಬರೆಯುವವರು ಮಾತ್ರ ಅಲ್ಲಿ ಯಾರೂ ಇಲ್ಲ. ಮೇದೋಜೀರಕ ಗ್ರಂಥಿಯೂ ಸಕ್ಕರೆ ಏರಿದ್ದನ್ನು ಕಂಡುಕೊಂಡು ಇನ್ಸುಲಿನ್ ಬಿಡುತ್ತದೆ, ಆದರೆ ಅದಕ್ಕೆ ಸಿಹಿ ಅನಿಸುವುದಿಲ್ಲ. ವ್ಯತ್ಯಾಸಕ್ಕೆ ಸ್ಪಂದಿಸಿದ ಮಾತ್ರಕ್ಕೆ ಅಲ್ಲೊಂದು ಅನುಭವ ಇತ್ತು ಎನ್ನಲಾಗದು ಎಂದಾದರೆ, ನಿಂತ ನನ್ನ ಕೈಯೂ ಏನನ್ನೂ ಸಾಬೀತು ಮಾಡುವುದಿಲ್ಲ. ದಾಖಲೆ ಇಡುವುದಕ್ಕೆ, ಸ್ಪಂದಿಸುವುದಕ್ಕೆ ಅರಿವು ಬೇಕಿಲ್ಲವಾದರೆ ಅರಿವು ಮಾಡುವ ಕೆಲಸವಾದರೂ ಏನು? ನಾನು ವಹಿ ತೆರೆದಾಗಲೆಲ್ಲ ಎದುರಾಗುವ ಪ್ರಶ್ನೆ ಇದು. ಒಬ್ಬನೇ ಕೂತು ಅಮೂರ್ತವಾಗಿ ಯೋಚಿಸಿದಾಗ ಇದು ಇಷ್ಟು ಹತ್ತಿರಕ್ಕೆ ಬಂದಿರಲಿಲ್ಲ.

ಅನ್ನದ ವಿಚಾರ ಕೀಳು, ಅರಿವಿನ ವಿಚಾರ ಮೇಲು ಎನ್ನುವವರಿಗೆ ನಮ್ಮ ಹಿರಿಯರನ್ನೇ ತೋರಿಸುತ್ತೇನೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ 15 ದಿನ ಬರೀ ನೀರಿನ ಮೇಲೆ ಇರಲು ಹೇಳುತ್ತಾನೆ. ಆಮೇಲೆ ವೇದ ಹೇಳು ಎಂದರೆ ಮಗನಿಗೆ ಒಂದೂ ಹೊಳೆಯುವುದಿಲ್ಲ. ಉಂಡು ಬಂದ ಮೇಲೆ ಎಲ್ಲವೂ ಹೊಳೆಯುತ್ತದೆ. ಮನಸ್ಸು ಅನ್ನಮಯ ಎಂದು ಅಪ್ಪ ತೋರಿಸಿಕೊಡುವುದು ಹೀಗೆ. ಇನ್ನು ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ, ಐಕ್ಯನಾದ ಕೂಡಲಸಂಗಮ ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ. ಶರಣರ ಷಟ್‌ಸ್ಥಲದಲ್ಲಿ, ಅಂದರೆ ಸಾಧನೆಯ ಆರು ಮೆಟ್ಟಿಲುಗಳಲ್ಲಿ, ಭಕ್ತ, ಮಹೇಶ ಆದಮೇಲೆ ಬರುವುದು ಪ್ರಸಾದಿ ಸ್ಥಲ. ಅದನ್ನು ದಾಟಿಯೇ ಪ್ರಾಣಲಿಂಗಿ, ಶರಣ, ಐಕ್ಯ. ಕೊಂಡದ್ದನ್ನೆಲ್ಲ ಮೊದಲು ಎಚ್ಚರದಿಂದ ಅರ್ಪಿಸಿ ಆಮೇಲೆ ಸ್ವೀಕರಿಸುವ ಶಿಸ್ತನ್ನು ಅವರು ದಾರಿಯ ಹೊರಗಿಡಲಿಲ್ಲ, ನಟ್ಟನಡುವೆ ಇಟ್ಟರು. ನನ್ನ ವಹಿ ಅದಕ್ಕೆ ಸಮ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ತುತ್ತಿನ ಮೇಲೆ ಗಮನ ಇಡುವುದು ಸಣ್ಣ ಮಾತು ಎಂದು ಇನ್ನು ಮೇಲೆ ಯಾರೂ ನನಗೆ ಹೇಳಬೇಡಿ.

"ಹಿಂಗ ನೋಡಕೋತ ಕುಂತ್ರ ಉಣ್ಣೂದರ ಖುಷಿ ಹೋಗೂದಿಲ್ಲೇನ್ರೀ?" ಎಂದೂ ಕೇಳುತ್ತಾರೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಹತ್ತಾರು ಮಂದಿ ಎರೆಮಣ್ಣಿನ ಮೇಲೆ ಕೂತು ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಉಣ್ಣುವಾಗ ನಾನೂ ಫೋನ್ ತೆಗೆಯುವುದಿಲ್ಲ. ಅಂಥ ಊಟ ರಾತ್ರಿ ತಾನಾಗಿಯೇ ವಹಿಗೆ ಬರುತ್ತದೆ.

ಉಪ್ಪಿನ ಪ್ರಶ್ನೆಯನ್ನು ಮಾತ್ರ ಹಾಗೇ ಬಿಡಲು ಮನಸ್ಸಾಗಲಿಲ್ಲ. ಹೇಳದೆ ಕೇಳದೆ ಒಂದು ದಿನ ಬ್ಯಾಳಿಗೆ ಉಪ್ಪು ಸ್ವಲ್ಪವೇ ಕಡಿಮೆ ಹಾಕು, ನಾನು ಮಾತಿನಲ್ಲಿ ಮುಳುಗಿರುವಾಗ ಬಡಿಸು ಎಂದು ಮನೆಯಾಕೆಗೆ ಹೇಳಿದ್ದೇನೆ. "ಬಂದವರ ತಾಟಿಗೂ ಅದೇ ಬ್ಯಾಳಿ ಹೋಗ್ತದಲ್ರೀ" ಎಂದಳು. ಹಾಗಾಗಿ ಮನೆಯವರಷ್ಟೇ ಇರುವ ರಾತ್ರಿ ಎಂದು ಠರಾಯಿಸಿದ್ದೇವೆ. ಯಾವ ರಾತ್ರಿ ಎಂಬುದು ಆಕೆಗೆ ಬಿಟ್ಟದ್ದು. ಕೈ ನಿಂತರೆ ಎಷ್ಟನೇ ತುತ್ತಿಗೆ ನಿಂತಿತು, ಕೈ ನಿಂತದ್ದು ಮೊದಲೋ ಸಪ್ಪೆ ಅನಿಸಿದ್ದು ಮೊದಲೋ ಎಂಬುದನ್ನು ಬರೆದುಕೊಳ್ಳಲು ವಹಿಯಲ್ಲಿ ಒಂದು ಪುಟ ಬಿಟ್ಟಿದ್ದೇನೆ.