ಫಲಕ್‌ನುಮಾದ ಚಹಾ

ಬೀದರ್, 17 ಸೆಪ್ಟೆಂಬರ್ 2025, ಬುಧವಾರ

ಕಲ್ಯಾಣ ಕರ್ನಾಟಕ ಉತ್ಸವ ಅಂತ ಶಾಲೆಯಲ್ಲಿ ಧ್ವಜ ಹಾರಿಸಿ ಮನೆಗೆ ಬರುವಷ್ಟರಲ್ಲಿ ಹತ್ತೂವರೆ. ಮತ್ತೆ ಮಳೆ ಹಿಡಿದಿತ್ತು. ಅಂಗಳದಲ್ಲಿ ಒಣಹಾಕಿದ್ದ ಉದ್ದನ್ನು ಅವ್ವ ಒಳಗೆ ತಂದು ಪಡಸಾಲೆ ತುಂಬ ಹರವಿದ್ದಳು. ಅದರ ನಡುವೆ ಕುರ್ಚಿ ಹಾಕಿಕೊಂಡು ಮುತ್ಯಾ ಕೂತಿದ್ದ, ದ್ವೀಪದಲ್ಲಿ ಕೂತ ಹಾಗೆ. ಕಾಲಿಡಲು ಜಾಗ ಇಲ್ಲ. ನಾನು ಹೊಸ್ತಿಲ ಮೇಲೇ ಕೂತು ಫೋನ್ ತೆಗೆದೆ. ಶನಿವಾರ ಹೈದರಾಬಾದಿನಲ್ಲಿ ತೆಗೆದ ಫೋಟೋಗಳನ್ನು ಅವನಿಗಿನ್ನೂ ತೋರಿಸಿರಲಿಲ್ಲ.

ಅಕ್ಕನ ಮಗಳಿಗೆ ಅಲ್ಲಿ ಕೆಲಸ ಸಿಕ್ಕಿದೆ. ಮೊದಲ ಸಂಬಳ ಬಂದ ಖುಷಿಗೆ ನನ್ನನ್ನು ಫಲಕ್‌ನುಮಾ ಅರಮನೆಗೆ ಚಹಾಕ್ಕೆ ಕರೆದುಕೊಂಡು ಹೋಗಿದ್ದಳು. ಅರಮನೆ ಅಂದರೆ ಈಗ ಹೋಟೆಲು. ಬಿಲ್ ಎಷ್ಟಾಯ್ತು ಅಂತ ಇಲ್ಲಿ ಬರೆಯಲ್ಲ. ಇಷ್ಟು ವರ್ಷ ನನಗೆ ಫಲಕ್‌ನುಮಾ ಅಂದರೆ ಹೈದರಾಬಾದಿನ ಲೋಕಲ್ ಟ್ರೇನಿನ ಮೇಲಿನ ಬೋರ್ಡು, ಅಷ್ಟೆ. ಆ ಟ್ರೇನು ಕೊನೆಗೆ ಹೋಗಿ ನಿಲ್ಲುವ ಕಡೆ ಗುಡ್ಡದ ಮೇಲೆ ಇಂಥದ್ದೊಂದು ಮನೆ ಇದೆ ಅಂತ ಯಾವತ್ತೂ ತಲೆಯೆತ್ತಿ ನೋಡಿರಲಿಲ್ಲ.

ತಂಗಲು ಬಂದವರನ್ನು ಕುದುರೆ ಗಾಡಿಯಲ್ಲಿ ಕರೆತಂದು, ಮೆಟ್ಟಿಲು ಹತ್ತುವಾಗ ಮೇಲಿನಿಂದ ಗುಲಾಬಿ ಪಕಳೆ ಸುರಿಯುತ್ತಾರೆ. ಬರೀ ಚಹಾಕ್ಕೆ ಬಂದ ನಾವು ಪಕ್ಕದಲ್ಲಿ ನಿಂತು ನೋಡಿದೆವು. ಯಾರದೋ ಪಾಲಿನ ಒಂದು ಪಕಳೆ ಗಾಳಿಗೆ ಹಾರಿ ನನ್ನ ಸೆರಗಿಗೆ ಅಂಟಿತ್ತು. ಬೀದರ್ ಬಸ್ಸಿನಲ್ಲಿ ನೋಡಿಕೊಂಡೆ.

ಮುತ್ಯಾ ಫೋನನ್ನು ಕಣ್ಣ ಹತ್ತಿರ ಹಿಡಿದು, ಬೆರಳಲ್ಲಿ ಹಿಗ್ಗಿಸಿ ನೋಡಿದ. “ಯಾರ ಮನಿ ಇದು?” ಅಂದ.

“ಪೈಗಾದವರದು ಮುತ್ಯಾ. ಆಮೇಲೆ ನಿಜಾಮನದು ಆಯ್ತು.”

ಕಟ್ಟಿಸಿದವನು ನಿಜಾಮನ ದೊಡ್ಡ ಸರದಾರರಾದ ಪೈಗಾ ಮನೆತನದ ವಿಕಾರ್-ಉಲ್-ಉಮ್ರಾ. ಆರನೇ ನಿಜಾಮ ಮಹಬೂಬ್ ಅಲಿ ಖಾನನ ಅಕ್ಕನ ಗಂಡ, ಮುಂದೆ ಸಂಸ್ಥಾನದ ದಿವಾನನೂ ಆದ. (ಉರ್ದುವಿನಲ್ಲಿ ವಿಕಾರ್ ಅಂದರೆ ಘನತೆ. ನಮ್ಮ ಕನ್ನಡದ ವಿಕಾರ ಅಲ್ಲ, ಪಾಪ.) 1884ರಲ್ಲಿ ಅಡಿಗಲ್ಲು ಹಾಕಿದ್ದು, ಮುಗಿಯಲು ಸುಮಾರು ಒಂಬತ್ತು ವರ್ಷ ಹಿಡಿಯಿತು. ಇಟಲಿಯ ಅಮೃತಶಿಲೆ, 32 ಎಕರೆ ಜಾಗ, ಮೇಲಿನಿಂದ ನೋಡಿದರೆ ಚೇಳಿನ ಆಕಾರ. ಫಲಕ್ ಅಂದರೆ ಆಕಾಶ. ಹೆಸರಿಗೆ ತಕ್ಕ ಹಾಗೆ ಅಲ್ಲಿ ನಿಂತರೆ ಊರೆಲ್ಲ ಕೆಳಗೆ, ನೀವು ಮತ್ತು ಆಕಾಶ ಮಾತ್ರ ಮೇಲೆ.

ಆದರೆ ಕಟ್ಟಿ ಮುಗಿಸುವಷ್ಟರಲ್ಲಿ ಸಾಹೇಬರು ಸಾಲದಲ್ಲಿ ಮುಳುಗಿದ್ದರು. ಮನೆ ಕಟ್ಟಿ ನೋಡು ಅನ್ನೋ ಮಾತು ದಿವಾನರಿಗೂ ಅನ್ವಯ ಆಗುತ್ತೆ ಅಂತಾಯ್ತು. ಮುಂದಿನ ಕಥೆಯನ್ನು ಹೀಗೆ ಹೇಳುತ್ತಾರೆ: ಹೆಂಡತಿ ಒಂದು ಉಪಾಯ ಕೊಟ್ಟಳಂತೆ. ನಿಜಾಮನನ್ನು ಊಟಕ್ಕೆ ಕರೆಯೋದು, ಅವನು ಮನೆ ಹೊಗಳಿದ ಕೂಡಲೇ ‘ಇದು ತಮ್ಮದೇ’ ಅಂದುಬಿಡೋದು. ನಿಜಾಮ ಬಂದ, ಹೊಗಳಿದ, ಅಲ್ಲೇ ಉಳಿದ. 1897ರ ಹೊತ್ತಿಗೆ ಅರಮನೆ ಅವನದಾಯ್ತು, ಇವರ ಕೈಗೂ ಒಂದಷ್ಟು ರೊಕ್ಕ ಬಂತು. ತಾನೇ ಕಟ್ಟಿದ ಮನೆಯಲ್ಲಿ ನಾಲ್ಕು ದಿನ ನೆಮ್ಮದಿಯಾಗಿ ಇರಲಾಗದ ಆ ಮನುಷ್ಯನನ್ನು ನೆನೆದರೆ ಅಯ್ಯೋ ಅನಿಸುತ್ತದೆ. ಮುತ್ಯಾನಿಗೆ ಹಾಗೇನೂ ಅನಿಸಲಿಲ್ಲ.

ಮಹಬೂಬ್ ಅಲಿ ಖಾನ್ 1911ರಲ್ಲಿ ತೀರಿಕೊಂಡಿದ್ದೂ ಇಲ್ಲೇ. ಅವನ ಮಗ ಏಳನೇ ನಿಜಾಮನಿಗೆ ಕಿಂಗ್ ಕೋಠಿ ಅರಮನೆಯೇ ಸಾಕಾಗಿತ್ತು. ಫಲಕ್‌ನುಮಾ ಬರೀ ದೊಡ್ಡ ಅತಿಥಿಗಳ ಮನೆಯಾಗಿ ಉಳಿಯಿತು. ಅಲ್ಲಿ ಉಳಿದ ಕೊನೆಯ ದೊಡ್ಡ ಅತಿಥಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, 1951ರಲ್ಲಿ. ಆಮೇಲೆ ಬೀಗ. ಧೂಳು ತಿಂದುಕೊಂಡು ಹತ್ತಾರು ವರ್ಷ ಹಾಗೇ ಇತ್ತು. ಏಳನೇ ನಿಜಾಮನ ಮೊಮ್ಮಗನ ಮೊದಲ ಹೆಂಡತಿ ಎಸ್ರಾ ಮುಂದೆ ನಿಂತು ರಿಪೇರಿ ಮಾಡಿಸಿದರು. ಅದಕ್ಕೇ ಸುಮಾರು ಹತ್ತು ವರ್ಷ, ಅಂದರೆ ಕಟ್ಟಿದ್ದಕ್ಕಿಂತ ಜಾಸ್ತಿ. 2010ರ ನವೆಂಬರಿನಲ್ಲಿ ತಾಜ್‌ನವರು ಹೋಟೆಲ್ ಶುರು ಮಾಡಿದರು.

ಮುತ್ಯಾ ಊಟದ ಮೇಜಿನ ಫೋಟೋದ ಹತ್ತಿರ ನಿಂತುಬಿಟ್ಟ. ನನಗೂ ಅಲ್ಲಿ ಕಾಲು ಕಿತ್ತಿರಲಿಲ್ಲ. ಒಂದೇ ಮೇಜು, 101 ಕುರ್ಚಿ. ಈ ತುದಿಯಲ್ಲಿ ಪಿಸುಗುಟ್ಟಿದರೆ ಆ ತುದಿಗೆ ಕೇಳಿಸುವ ಹಾಗೆ ಕೋಣೆ ಕಟ್ಟಿದ್ದಾರಂತೆ. ಇದನ್ನು ಮುತ್ಯಾನ ಕಿವಿಯ ಹತ್ತಿರ ಮೂರು ಸಲ ಕೂಗಿ ಹೇಳಬೇಕಾಯ್ತು. ಮೂರನೇ ಸಲ ನನಗೇ ನಗು ಬಂತು.

“ನೂರಾ ಒಂದ್ ಮಂದಿಗೆ ಬಡಿಸೋರು ಎಷ್ಟ್ ಮಂದಿ?” ಅಂತ ಕೇಳಿದ.

ಗೊತ್ತಿಲ್ಲ ಅಂದೆ.

“ಅಡಿಗಿ ಮನಿ ಫೋಟೋ ತೆಗ್ದಿಲ್ಲೇನು?”

ತೆಗೆದಿರಲಿಲ್ಲ. ದೀಪದ ಗೊಂಚಲಿನದು ಹದಿನಾಲ್ಕು ಫೋಟೋ ಇದ್ದವು. ಅವನು ಫೋನ್ ವಾಪಸ್ ಕೊಟ್ಟು, ಕಾಲ ಬಳಿಯ ಉದ್ದಿನಲ್ಲಿ ಕಲ್ಲು ಆರಿಸತೊಡಗಿದ. ಸ್ವಲ್ಪ ಹೊತ್ತಿನ ಮೇಲೆ, “ಇಷ್ಟೆಲ್ಲ ಕಟ್ಟಾಕ ರೊಕ್ಕ ಎಲ್ಲಿಂದ ಬಂತು?” ಅಂದ. ಕೇಳಿದ ಹಾಗೆ ಇರಲಿಲ್ಲ, ಉತ್ತರ ಗೊತ್ತಿದ್ದವನ ಹಾಗಿತ್ತು.

ನಮ್ಮ ಹಳ್ಳಿ ಇರೋದು ಚಿಟಗುಪ್ಪದ ಹತ್ತಿರ. ಚಿಟಗುಪ್ಪ ಆಗ ಪೈಗಾ ಜಹಗೀರು. ನಿಜಾಮನಿಗೆ ಕುದುರೆ ದಂಡು ಸಾಕಿ ಕೊಡಬೇಕು, ಅದರ ಖರ್ಚಿಗೆ ಊರೂರೇ ಬಿಟ್ಟುಕೊಟ್ಟಿದ್ದರು. ಆ ಊರುಗಳ ಕಂದಾಯ ನೇರ ಪೈಗಾದವರ ಬೊಕ್ಕಸಕ್ಕೆ. ಮನೆತನದಲ್ಲಿ ಮೂರು ಕವಲು, ಮೂರಕ್ಕೂ ಬೇರೆ ಬೇರೆ ಊರುಗಳು. ಮುತ್ಯಾನಿಗೆ ಕವಲು ಗಿವಲು ಎಲ್ಲ ಒಂದೇ, ಎಲ್ಲರೂ ಪೈಗಾದವರೇ. ಅಮೃತಶಿಲೆ ಎಲ್ಲಿಂದ ಬಂತು ಅಂತ ನಾನು ಶನಿವಾರದಿಂದ ಎಲ್ಲರಿಗೂ ಹೇಳ್ತಾ ಬಂದಿದ್ದೇನೆ. ರೊಕ್ಕದ ವಿಷಯ ಯಾಕೆ ಹೊಳೆಯಲಿಲ್ಲವೋ!

1948ರ ಇದೇ ದಿನ ನಿಜಾಮ ಭಾರತದ ಸೈನ್ಯದೆದುರು ಸೋಲೊಪ್ಪಿ ಕದನ ನಿಲ್ಲಿಸಿದ. ಆಗ ಮುತ್ಯಾನಿಗೆ ಹತ್ತು ವರ್ಷ. ಬೆಳಿಗ್ಗೆ ಶಾಲೆಯಲ್ಲಿ ನಾನು ಮಾಡಿದ ಭಾಷಣದಲ್ಲಿ ಸರ್ದಾರ್ ಪಟೇಲರಿದ್ದರು, ಸೈನ್ಯವಿತ್ತು. ಮುತ್ಯಾನ ನೆನಪಿನಲ್ಲಿ ಇರೋದು ಹಗೇವು. ನಿಜಾಮನ ಪರ ಇದ್ದ ಹತಾರದ ಗುಂಪು ರಜಾಕಾರರ ಭಯಕ್ಕೆ ಜೋಳವನ್ನೆಲ್ಲ ನೆಲದೊಳಗಿನ ಹಗೇವಿಗೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಮೇಲೆ ಎಮ್ಮೆ ಕಟ್ಟಿದ್ದರಂತೆ. ಆ ಎಮ್ಮೆ ಅಲ್ಲಿಂದ ಎದ್ದು ಹೋಗದ ಹಾಗೆ ನೋಡಿಕೊಳ್ಳೋದು ಇವನ ಕೆಲಸ. ಮರುವರ್ಷ ಜಹಗೀರು ರದ್ದಾಯ್ತು. “ಕಂದಾಯ ಮಾತ್ರ ರದ್ದಾಗ್ಲಿಲ್ಲ ನೋಡು,” ಅಂದ.

ಆಮೇಲೆ ತನ್ನ ತಗಡಿನ ಡಬ್ಬಿ ತರಿಸಿದ. ಹಳೆಯ ಕನ್ನಡಕ, ಆಧಾರ್ ಕಾರ್ಡು, ಅಡಕತ್ತರಿ. ಅದರ ತಳದಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಹಾಲಿ ಸಿಕ್ಕಾ ರೂಪಾಯಿ. ನಿಜಾಮನ ಸ್ವಂತ ನಾಣ್ಯ, ಮೇಲೆ ಚಾರ್‌ಮಿನಾರ್. ನಡುವಿನ ಕಮಾನು ಸವೆದು ನುಣ್ಣಗಾಗಿದೆ, ಮಿನಾರುಗಳು ಇನ್ನೂ ಬೆರಳಿಗೆ ತಾಗುತ್ತವೆ. ಅದನ್ನು ನನ್ನ ಅಂಗೈಯಲ್ಲಿಟ್ಟ.

“ಮತ್ತ ಹೋದ್ರ ತಗೊಂಡ್ ಹೋಗು. ಇದಕ್ಕ ಎಷ್ಟ್ ಕಪ್ ಚಹಾ ಬರ್ತದ ಕೇಳು.”

ಅಡುಗೆ ಮನೆಯಿಂದ ಅವ್ವ ಕೂಗಿದಳು. “ಅಂದಂಗ, ಬಿಲ್ ಎಷ್ಟಾಗಿತ್ತವಾ?”

ಮಳೆ ಜೋರಾಗಿತ್ತು. ಕೇಳಿಸಲಿಲ್ಲ ಅನ್ನೋ ಹಾಗೆ ಸುಮ್ನೆ ಕೂತೆ.