ಸತು ಲೇಪಿತ ತಗಡಿನ ಬೋಳು ಚುಕ್ಕೆಗಳು

ಸತು ಲೇಪಿಸಿದ ಉಕ್ಕಿನ ತಗಡಿನ ಮೇಲೆ ದೋಷ ಕಂಡ ಕೂಡಲೇ ಸತುವಿನ ತೊಟ್ಟಿಯನ್ನು ದೂರುವುದು ವಾಡಿಕೆ. ಆದರೆ ನಾನು ಪರಿಶೀಲಿಸಿದ ಬೋಳು ಚುಕ್ಕೆಗಳಲ್ಲಿ, ಅಂದರೆ ಸತು ಹಿಡಿಯದೆ ಉಳಿದ ಜಾಗಗಳಲ್ಲಿ, ಹೆಚ್ಚಿನವುಗಳ ಮೂಲವು ಅದಕ್ಕೂ ಮೊದಲಿನ, ತಗಡನ್ನು ತೊಳೆದು ಕುಲುಮೆಯಲ್ಲಿ ಕಾಯಿಸುವ ಹಂತಗಳಲ್ಲಿಯೇ ಇತ್ತು. ಸುಮಾರು 460 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿರುವ ಸತುವು ಶುಭ್ರವಾದ ಉಕ್ಕಿಗೆ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ತಗಡನ್ನು ಉರುಳೆಗಳ ನಡುವೆ ತೆಳುವಾಗಿಸುವಾಗ ಬಳಸುವ ರೋಲಿಂಗ್ ಎಣ್ಣೆಯ ಪಸೆಯೋ ಆಕ್ಸೈಡಿನ ಪೊರೆಯೋ ಉಳಿದಿದ್ದರೆ ಆ ಜಾಗ ಬರಿದಾಗಿಯೇ ಇರುತ್ತದೆ. ಮ್ಯಾಂಗನೀಸ್ ಮತ್ತು ಸಿಲಿಕಾನ್ ಹೆಚ್ಚಿರುವ ಬಲಿಷ್ಠ ಉಕ್ಕಿನಲ್ಲಿ ಈ ತೊಂದರೆ ಇನ್ನೂ ಕಠಿಣ, ಏಕೆಂದರೆ ಕಬ್ಬಿಣದ ಆಕ್ಸೈಡನ್ನು ಕಳೆಯುವ ಕುಲುಮೆಯ ಹೈಡ್ರೋಜನ್ ಬೆರೆತ ಅನಿಲದಲ್ಲಿಯೂ ಈ ಎರಡು ಧಾತುಗಳು ಮೇಲ್ಮೈಗೆ ಬಂದು ಆಕ್ಸೈಡ್ ಆಗುತ್ತವೆ. ಆದ್ದರಿಂದಲೇ ನಾನು ಮೊದಲು ನೋಡುವುದು ಕುಲುಮೆಯ ಅನಿಲದ ಇಬ್ಬನಿ ಬಿಂದುವಿನ, ಅಂದರೆ ಅದರಲ್ಲಿರುವ ತೇವಾಂಶವನ್ನು ತೋರಿಸುವ ತಾಪಮಾನದ, ದಾಖಲೆಯನ್ನು.

ಬೆರಳಿಗೆ ತಾಕುವ ಉಬ್ಬು ಕಾಳುಗಳಾದರೆ ಮಾತು ಬೇರೆ. ಅವು ಬಹುಮಟ್ಟಿಗೆ ಕಬ್ಬಿಣ, ಅಲ್ಯೂಮಿನಿಯಂ ಮತ್ತು ಸತು ಕೂಡಿ ತೊಟ್ಟಿಯಲ್ಲಿ ಹುಟ್ಟುವ ಗಟ್ಟಿ ಕಣಗಳು, ಅಂದರೆ ಡ್ರಾಸ್. ಅಲ್ಲಿ ತೊಟ್ಟಿಯ ತಾಪದ ಏರಿಳಿತವನ್ನೂ ಅಲ್ಯೂಮಿನಿಯಂ ಪ್ರಮಾಣವನ್ನೂ ಪರಿಶೀಲಿಸಲೇಬೇಕು.

ಇನ್ನು ಬಿಳಿ ತುಕ್ಕು. ಸುರುಳಿಯ ಪದರಗಳ ನಡುವೆ ತೇವ ಸಿಕ್ಕಿ, ಗಾಳಿಯಾಡದೆ ಹುಟ್ಟುವ ಇದನ್ನು ಲೇಪನದ ದೋಷವೆಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಅದು ಸಾಮಾನ್ಯವಾಗಿ ದಾಸ್ತಾನಿನ ಮತ್ತು ಸಾಗಣೆಯ ದೋಷ.